ಇಚಿಲಂಪಾಡಿ ಮತ್ತು ಅದರ ಪೇಟೆಗಳು

ಊರುಗಳ ಚರಿತ್ರೆಯನ್ನು ಹೇಳತಕ್ಕವರು ಸಾಮಾನ್ಯವಾಗಿ ರಾಜಧಾನಿಯನ್ನೋ ರೇವುಪಟ್ಟಣವನ್ನೋ ಯಾತ್ರಾಸ್ಥಳವನ್ನೋ ಆರಿಸಿಕೊಳ್ಳುತ್ತಾರೆ. ಅಂಥ ಊರಿಗೆ ಕೋಟೆಯುಂಟು, ಶಾಸನವುಂಟು, ಅರಸರ ಪಟ್ಟಿಯುಂಟು. ಹೇಳುವವರ ಕೆಲಸ ಹಗುರ. ಈ ಭಾಷಣಕ್ಕೆ ನಾವು ಆರಿಸಿಕೊಂಡಿರುವುದು ಈ ಭಾಗ್ಯ ಯಾವುದನ್ನೂ ದೊಡ್ಡದಾಗಿ ಪಡೆಯದ ಒಂದು ಊರನ್ನು. ದಕ್ಷಿಣ ಕನ್ನಡ ಜಿಲ್ಲೆಯ ಪೂರ್ವದ ಅಂಚಿನಲ್ಲಿ, ಪಶ್ಚಿಮಘಟ್ಟದ ಬುಡದಲ್ಲಿ, ಗುಂಡ್ಯ ಹೊಳೆಯ ಬದಿಯಲ್ಲಿರುವ ಇಚಿಲಂಪಾಡಿಯೇ ಆ ಊರು. ಮಾತಿನಲ್ಲಿ ಅದನ್ನು ಇಚ್ಲಂಪಾಡಿ ಎನ್ನುವವರೇ ಹೆಚ್ಚು. ನಮ್ಮ ಶ್ರೋತೃಗಳಲ್ಲಿ ಅನೇಕರು ಅದನ್ನು ಹಾದುಹೋಗಿರಲೂಬಹುದು. ಧರ್ಮಸ್ಥಳದಲ್ಲಿ ದರ್ಶನ ಮುಗಿಸಿ ಸುಬ್ರಹ್ಮಣ್ಯಕ್ಕೆ ಹೊರಟ ಬಸ್ಸು ಕೊಕ್ಕಡವನ್ನು ಕಳೆದು, ಪೆರಿಯಶಾಂತಿಯಲ್ಲಿ ಬೆಂಗಳೂರು–ಮಂಗಳೂರು ಹೆದ್ದಾರಿಯನ್ನು ದಾಟಿ, ದಕ್ಷಿಣಕ್ಕೆ ಇಳಿಯುತ್ತದೆ. ಹೊಳೆಯ ಮೇಲಣ ಸೇತುವೆಯನ್ನು ಹಾದು ಮರ್ದಾಳದ ಕಡೆಗೆ ಸಾಗುತ್ತದೆ. ಆ ನಡುವೆ ಕಿಟಕಿಯಿಂದ ಕಾಣುವ ರಬ್ಬರು ತೋಟ, ಅಡಿಕೆತೋಟ, ಕೆಂಪುಮಣ್ಣಿನ ಕಡಿದಾದ ದರೆ, ಅಲ್ಲೊಂದು ಇಲ್ಲೊಂದು ಮನೆ, ಇವೇ ಇಚಿಲಂಪಾಡಿ.

ಈ ಊರನ್ನು ಏಕೆ ಆರಿಸಿಕೊಂಡೆವೆಂಬುದನ್ನು ಮೊದಲೇ ಹೇಳಿಬಿಡುವುದು ಮೇಲು. ಇಚಿಲಂಪಾಡಿ ನಿಂತಲ್ಲಿಯೇ ನಿಂತಿದೆ. ಆದರೆ ಅದರ ಪೇಟೆ ಹಾಗೆ ನಿಲ್ಲಲಿಲ್ಲ. ಹಿಂದೆ ಉಪ್ಪಿನಂಗಡಿ ಈ ಸೀಮೆಯ ಪೇಟೆಯಾಗಿತ್ತು. ತರುವಾಯ ಆ ಸ್ಥಾನ ಪುತ್ತೂರಿಗೆ ಹೋಯಿತು. ನಮ್ಮ ಕಾಲದಲ್ಲಿ ಕಡಬ ಅದಕ್ಕೆ ಬಂದು ನಿಂತಿದೆ. ಪೇಟೆ ಹೀಗೆ ಸ್ಥಳ ಬದಲಾಯಿಸಿದ್ದಕ್ಕೆ ಪ್ರತಿ ಸಲವೂ ಭೂಗೋಳದಲ್ಲಿ ಒಂದು ಕಾರಣವಿತ್ತು, ಚರಿತ್ರೆಯಲ್ಲಿ ಒಂದು ಕಾರಣವಿತ್ತು. ಆ ಕಾರಣಗಳನ್ನು ಒಂದರ ಹಿಂದೊಂದರಂತೆ ನೋಡಿದರೆ, ಪಟ್ಟಣದ ಹೆಸರಿನಲ್ಲಿ ಬರೆದ ಚರಿತ್ರೆಗಳಲ್ಲಿ ಸಿಕ್ಕದಿರುವ ಒಳನಾಡಿನ ಬಾಳು ನಮ್ಮ ಕಣ್ಣಿಗೆ ಬೀಳುತ್ತದೆ. ಘಟ್ಟದ ಮೇಲೆ ವಾಸಮಾಡುತ್ತಿರುವ ನಮಗೆ ಈ ಊರಿನೊಡನೆ ಒಂದು ಋಣಸಂಬಂಧವೂ ಉಂಟು. ಅದನ್ನು ಕೊನೆಯಲ್ಲಿ ಹೇಳುತ್ತೇವೆ.

ಮೊದಲು ನೆಲದ ವಿಚಾರ. ಈ ಸೀಮೆಯನ್ನು ರೂಪಿಸಿರುವುದು ಎರಡು ನದಿಗಳು. ಉತ್ತರದಲ್ಲಿ ನೇತ್ರಾವತಿ, ಇದು ಕುದುರೆಮುಖದ ಬೆಟ್ಟಸಾಲಿನಲ್ಲಿ ಹುಟ್ಟಿ ಧರ್ಮಸ್ಥಳದ ಪಕ್ಕದಲ್ಲಿ ಹರಿದು ಬರುತ್ತದೆ. ದಕ್ಷಿಣದಲ್ಲಿ ಕುಮಾರಧಾರೆ, ಇದು ೧೭೧೨ ಮೀಟರು ಎತ್ತರದ ಪುಷ್ಪಗಿರಿಯ ಆಸುಪಾಸಿನಲ್ಲಿ ಹುಟ್ಟಿ, ಕೊಡಗಿನ ಮಲ್ಲಳ್ಳಿಯಲ್ಲಿ ಜಲಪಾತವಾಗಿ ಧುಮುಕಿ, ಸುಬ್ರಹ್ಮಣ್ಯದಲ್ಲಿ ಯಾತ್ರಿಕರಿಗೆ ತೀರ್ಥವಾಗಿ ಪಶ್ಚಿಮಕ್ಕೆ ತಿರುಗುತ್ತದೆ. ಇವೆರಡರ ನಡುವೆ, ಸಕಲೇಶಪುರದ ಘಟ್ಟದಿಂದ ಇಳಿದ ಹತ್ತಾರು ಹಳ್ಳಗಳನ್ನು ಕೂಡಿಸಿಕೊಂಡು ಬರತಕ್ಕದ್ದು ಗುಂಡ್ಯ ಹೊಳೆ. ಎತ್ತಿನಹೊಳೆ, ಕಾಡುಮನೆ ಹೊಳೆ, ಕೆಂಪುಹೊಳೆ ಮುಂತಾದವೆಲ್ಲ ಅದರ ಮೇಲಣ ಕೈಗಳು. ಗುಂಡ್ಯ ಹೊಳೆ ಇಚಿಲಂಪಾಡಿಯನ್ನು ತಾಗಿ ಹರಿದು ಮುಂದೆ ಕುಮಾರಧಾರೆಯನ್ನು ಸೇರುತ್ತದೆ. ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಕೂಡಿದ ನೀರು ಪಾಣೆಮಂಗಳೂರು, ಬಂಟವಾಳಗಳನ್ನು ದಾಟಿ ಮಂಗಳೂರಿನ ಬಳಿ ಕಡಲಿಗೆ ಬೀಳುತ್ತದೆ.

ಘಟ್ಟದ ಬುಡದ ಈ ಪಟ್ಟಿಯಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಬೀಳುತ್ತದೆ. ಮೈಸೂರಿನ ಬಯಲಿನಲ್ಲಿ ಬೀಳುವುದರ ನಾಲ್ಕೈದು ಪಾಲು ಎಂದು ಲೆಕ್ಕ ಹಾಕಿಕೊಂಡರೆ ಸಾಕು. ಆದರೆ ಅದರ ಬಹುಭಾಗವೆಲ್ಲ ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳಲ್ಲಿ ಸುರಿದುಹೋಗುತ್ತದೆ. ಆಷಾಢದಲ್ಲಿ ಮರದ ದಿಮ್ಮಿಗಳನ್ನು ಉರುಳಿಸಿಕೊಂಡು ಬರುವ ಹೊಳೆ, ಚೈತ್ರದಲ್ಲಿ ಬಂಡೆಗಳ ನಡುವೆ ನಿಂತು ಮೀನು ಹಿಡಿಯುವ ಹುಡುಗರ ಮೊಣಕಾಲಿಗೆ ಬರುತ್ತದೆ. ಈ ಎರಡು ರೂಪಗಳನ್ನು ಶ್ರೋತೃಗಳು ಜ್ಞಾಪಕದಲ್ಲಿಟ್ಟುಕೊಳ್ಳಬೇಕು. ಈ ಸೀಮೆಯ ಪೇಟೆಗಳ ಹಣೆಬರಹವನ್ನು ಬಹುಮಟ್ಟಿಗೆ ಬರೆದುದು ಹೊಳೆಯ ಈ ಸ್ವಭಾವವೇ.

ಇನ್ನು ಊರಿನ ಬಗೆ. ಬಯಲುಸೀಮೆಯವರಿಗೆ ಊರೆಂದರೆ ಒತ್ತಾಗಿ ಕೂಡಿದ ಮನೆಗಳು, ನಡುವೆ ಒಂದು ಬೀದಿ, ಊರಬಾಗಿಲು, ಅರಳಿಕಟ್ಟೆ. ತುಳುನಾಡಿನ ಊರು ಹಾಗಲ್ಲ. ಪ್ರತಿಯೊಬ್ಬನ ಮನೆಯೂ ಅವನವನ ಗದ್ದೆಯ ಅಥವಾ ತೋಟದ ಮೇಲಣ ಏರಿನಲ್ಲಿ ಬೇರೆಯಾಗಿ ನಿಂತಿರುತ್ತದೆ. ಗುಡ್ಡಗಳ ನಡುವಣ ತಗ್ಗಿನಲ್ಲಿ ನೀರು ಸದಾ ಜಿನುಗುವ ಬೈಲು. ಅದರ ಮೇಲೆ ಮಜಲು. ಅದಕ್ಕೂ ಮೇಲೆ ಮಳೆಯನ್ನೇ ನೆಚ್ಚಿದ ಬೆಟ್ಟು. ಬೈಲಿನಲ್ಲಿ ಏಣಿಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ, ಮಜಲಿನಲ್ಲಿ ಎರಡು, ಬೆಟ್ಟಿನಲ್ಲಿ ಒಂದೇ. ಸಾಗುವಳಿಯ ವರ್ಗಭೂಮಿಯ ಸುತ್ತ ನೂರು ಗಜದೊಳಗಿನ ಸರಕಾರೀ ಜಾಗದಿಂದ ಸೊಪ್ಪು ಸೌದೆಗಳನ್ನು ತೆಗೆದುಕೊಳ್ಳುವ ಹಕ್ಕಿಗೆ ಕುಮ್ಕಿ ಎಂದು ಹೆಸರು. ಮನೆಯಿಂದ ಮನೆಗೆ ಹೋಗಬೇಕಾದರೆ ತೋಡನ್ನು ಅಡಿಕೆಮರದ ಸಂಕದ ಮೇಲೆ ದಾಟಬೇಕು. ಇಚಿಲಂಪಾಡಿ ಎಂಬ ಹೆಸರಿನ ಕೊನೆಯಲ್ಲಿರುವ ಪಾಡಿ ಎಂಬ ಮಾತು ಈ ನಾಡಿನ ಎಷ್ಟೋ ಊರುಗಳಲ್ಲಿ ಕಂಡುಬರುತ್ತದೆ. ಮೊದಲಲ್ಲಿರುವ ಮಾತು ನಮ್ಮ ಕಿವಿಗೆ ಈಚಲಮರವನ್ನು ನೆನಪಿಗೆ ತರುತ್ತದೆ.

ಇಂಥ ಚದರಿದ ಊರಿನಲ್ಲಿ ಅಂಗಡಿಬೀದಿಗೆ ಎಡೆಯಿಲ್ಲ. ಅಕ್ಕಿ, ತೆಂಗು, ಹಲಸು, ಗೆಣಸು ಮನೆಯಲ್ಲೇ ಉಂಟು. ಆದರೆ ಉಪ್ಪು, ಕಬ್ಬಿಣ, ಬಟ್ಟೆ, ಹೊಗೆಸೊಪ್ಪು ಇವುಗಳಿಗೆ ಬೇರೆ ಒಂದು ಸ್ಥಳ ಬೇಕೇ ಬೇಕು. ಆ ಸ್ಥಳವೇ ಪೇಟೆ. ತುಳುನಾಡಿನಲ್ಲಿ ಊರೂ ಪೇಟೆಯೂ ಬೇರೆ ಬೇರೆ ವಸ್ತುಗಳೆಂಬುದನ್ನು ಹೀಗೆ ತಿಳಿಯಬೇಕು. ಊರಿನವನು ಊರಿನಲ್ಲಿ ಬಾಳುತ್ತಾನೆ, ಪೇಟೆಗೆ ಹೋಗಿಬರುತ್ತಾನೆ. ಆದಕಾರಣ ಪೇಟೆ ಎಲ್ಲಿದೆ, ಎಷ್ಟು ದೂರ, ನಡುವೆ ಎಷ್ಟು ಹೊಳೆ ಎಂಬುದು ಅವನ ಜೀವನದ ದೊಡ್ಡ ಪ್ರಶ್ನೆಗಳಲ್ಲಿ ಒಂದು.

ಈ ಪೇಟೆಗಳಲ್ಲಿ ಮೊದಲನೆಯದು ಉಪ್ಪಿನಂಗಡಿ. ಹೆಸರೇ ಅದರ ಕಸುಬನ್ನು ಹೇಳುತ್ತದೆ. ತುಳುವರು ಅದನ್ನು ಉಬಾರ್ ಎನ್ನುತ್ತಾರೆ. ಕನ್ನಡದ ಹೆಸರು ಮಾತ್ರ ಉಪ್ಪಿನ ಅಂಗಡಿಯೆಂದೇ. ಕಡಲ ಕರೆಯಿಂದ ನೇತ್ರಾವತಿಯಲ್ಲಿ ದೋಣಿಯನ್ನು ಮೇಲಕ್ಕೆ ನಡಸಿಕೊಂಡು ಬಂದರೆ ಎರಡು ನದಿಗಳು ಕೂಡುವ ಈ ಸ್ಥಳದಲ್ಲಿ ಸರಕನ್ನು ಇಳಿಸುವುದು ಸಹಜ. ಇಲ್ಲಿಂದ ಮುಂದೆ ನೀರು ಕವಲೊಡೆಯುತ್ತದೆ, ಕಲ್ಲು ಹೆಚ್ಚುತ್ತದೆ. ಇಳಿಸಿದ ಉಪ್ಪೂ ಒಣಮೀನೂ ಹೇರೆತ್ತುಗಳ ಬೆನ್ನೇರಿ ಒಳನಾಡಿಗೂ ಘಟ್ಟದ ಕಣಿವೆಗಳಿಗೂ ಹೊರಡುತ್ತಿದ್ದವು. ಘಟ್ಟದ ಮೇಲಿನ ಸರಕು ಅದೇ ದಾರಿಯಲ್ಲಿ ಇಳಿಯುತ್ತಿತ್ತು. ಉಪ್ಪು ಬೆಳೆಯದ ಮಲೆನಾಡಿಗೆ ಕಡಲಿನ ಕೈ ತಲಪುತ್ತಿದ್ದುದು ಇಂಥ ಅಂಗಡಿಗಳ ಮೂಲಕ.

ಕೂಡುನೀರಿನ ಸ್ಥಳ ವ್ಯಾಪಾರಕ್ಕೆ ಹೇಗೋ ಭಕ್ತಿಗೂ ಹಾಗೆಯೇ. ಉಪ್ಪಿನಂಗಡಿಯ ಸಹಸ್ರಲಿಂಗೇಶ್ವರ ದೇವಾಲಯ ಸಂಗಮದ ದಡದಲ್ಲಿಯೇ ನಿಂತಿದೆ. ಅದಕ್ಕೆ ಗಯಾಪದವೆಂಬ ಖ್ಯಾತಿಯುಂಟು. ಪಿತೃಕಾರ್ಯಕ್ಕೆ ಜನ ದೂರದಿಂದ ಬರುತ್ತಾರೆ. ಬೇಸಗೆಯ ಮೊದಲಲ್ಲಿ ನಡೆಯುವ ಮೂರು ಮಖೆಗಳಿಗೆ ಹಳ್ಳಿಹಳ್ಳಿಯವರು ಕೂಡುತ್ತಾರೆ. ನದಿಯ ಮರಳಿನಲ್ಲಿರುವ ಲಿಂಗಕ್ಕೆ ಪೂಜೆ ಸಲ್ಲುವುದು ನೀರು ಇಳಿದ ಆ ದಿನಗಳಲ್ಲಿ. ಮಳೆಗಾಲದಲ್ಲಿ ಎರಡೂ ನದಿಗಳು ಒಟ್ಟಿಗೆ ಉಕ್ಕಿ ದೇವಾಲಯದ ಎದುರಿಗೆ ಒಂದನ್ನೊಂದು ಮುಟ್ಟಿದರೆ ಅದಕ್ಕೆ ಸಂಗಮವಾಯಿತು ಎನ್ನುತ್ತಾರೆ. ಬಾಗಿನ ಬಿಟ್ಟು ತೀರ್ಥಸ್ನಾನ ಮಾಡುತ್ತಾರೆ. ಎಲ್ಲ ವರ್ಷವೂ ಇದು ನಡೆಯುವುದಿಲ್ಲ. ನಡೆದಾಗ ಜನಕ್ಕೆ ಸಂತೋಷವೂ ಭಯವೂ ಒಟ್ಟಿಗೆ ಆಗುತ್ತವೆ, ಏಕೆಂದರೆ ನೀರು ಇನ್ನೊಂದಿಷ್ಟು ಏರಿದರೆ ಅದು ಅಂಗಡಿಬೀದಿಗೆ ನುಗ್ಗತಕ್ಕದ್ದೇ.

ಇಲ್ಲಿ ದೂರದೇಶದ ಒಂದು ಉದಾಹರಣೆಯನ್ನು ಹೇಳಿದರೆ ನಮ್ಮ ವಿಷಯ ಹೆಚ್ಚು ಸ್ಪಷ್ಟವಾದೀತು. ಫ್ರಾನ್ಸಿನ ರಾಜಧಾನಿಯಾದ ಪ್ಯಾರಿಸಿನ ವಾಯವ್ಯಕ್ಕೆ ಸುಮಾರು ಇಪ್ಪತ್ತೈದು ಕಿಲೋಮೀಟರಿನಲ್ಲಿ ಕಾನ್‌ಫ್ಲಾನ್ ಸೇಂತ್ ಒನೊರೀನ್ ಎಂಬ ಉಪನಗರವಿದೆ. ಸೇನ್ ನದಿಗೆ ಓಯಿಸ್ ನದಿ ಬಂದು ಕೂಡುವುದು ಅಲ್ಲಿ. ಕಾನ್‌ಫ್ಲಾನ್ ಎಂಬ ಮಾತಿಗೆ ಮೂಲಾರ್ಥ ನದಿಗಳ ಕೂಡಲು ಎಂದು. ಅಲ್ಲಿಯೂ ದೋಣಿಗಳ ವ್ಯಾಪಾರ, ಅಲ್ಲಿಯೂ ನದೀದಡದಲ್ಲಿ ಪುಣ್ಯಕ್ಷೇತ್ರ. ಒಂಬತ್ತನೆಯ ಶತಮಾನದಲ್ಲಿ ದಾಳಿಕೋರರ ಭಯದಿಂದ ಒನೊರೀನ್ ಎಂಬ ಸಂತಳ ಅಸ್ಥಿಗಳನ್ನು ಅಲ್ಲಿಗೆ ತಂದಿಟ್ಟದ್ದರಿಂದ ಊರಿಗೆ ಆ ಹೆಸರು ಕೂಡಿಕೊಂಡಿತು. ನಾಡದೋಣಿಯವರ ರಾಜಧಾನಿ ಎಂದು ಅದು ಹೆಸರಾಗಿದೆ. ದೋಣಿಕಾರರ ಕುಟುಂಬಗಳಿಗಾಗಿ ದೊಡ್ಡ ಸರಕುದೋಣಿಯೊಂದನ್ನೇ ಪ್ರಾರ್ಥನಾಮಂದಿರವಾಗಿ ಮಾಡಿ ೧೯೩೦ರ ದಶಕದಿಂದ ದಡಕ್ಕೆ ಕಟ್ಟಿದ್ದಾರೆ. ದೋಣಿವ್ಯಾಪಾರದ ಚರಿತ್ರೆಗೆ ಅಲ್ಲೊಂದು ವಸ್ತುಸಂಗ್ರಹಾಲಯವೂ ಉಂಟು. ರೈಲು ಬಂದ ಮೇಲೂ, ರಾಜಧಾನಿಯ ನೌಕರರು ಮನೆಮಾಡಿಕೊಂಡ ಮೇಲೂ, ದೋಣಿ ಅಲ್ಲಿ ಸಾಯಲಿಲ್ಲ.

ಉಪ್ಪಿನಂಗಡಿಗೆ ಈ ಭಾಗ್ಯ ಏಕೆ ಬರಲಿಲ್ಲ? ಉತ್ತರ ನೀರಿನಲ್ಲಿದೆ. ಸೇನ್ ನದಿಯಲ್ಲಿ ವರ್ಷವಿಡೀ ನೀರು ಹೆಚ್ಚು ಏರಿಳಿತವಿಲ್ಲದೆ ಹರಿಯುತ್ತದೆ, ಇಳಿಜಾರು ಅಲ್ಪ, ಒಡ್ಡುಗಳನ್ನೂ ಬಾಗಿಲುಗಳನ್ನೂ ಕಟ್ಟಿ ಆಳವನ್ನು ಕಾಪಾಡಬಹುದು. ನಮ್ಮ ನೇತ್ರಾವತಿಯಾದರೋ ನಾಲ್ಕು ತಿಂಗಳು ದೋಣಿಯನ್ನು ಒಡೆಯುವಂಥದು, ನಾಲ್ಕು ತಿಂಗಳು ದೋಣಿಯನ್ನು ಮರಳಿನ ಮೇಲೆ ಕೂರಿಸುವಂಥದು. ನಡುವಣ ತಿಂಗಳುಗಳಲ್ಲಿ ಮಾತ್ರ ಅದು ದಾರಿ. ಅಂಥ ದಾರಿಯನ್ನು ನಂಬಿದ ಪೇಟೆ, ಗಾಡಿಯ ರಸ್ತೆ ಬರುವವರೆಗೆ ಮಾತ್ರ ದೊಡ್ಡದು.

ರಸ್ತೆ ಹೇಗೆ ಬಂದಿತೆಂಬುದಕ್ಕೆ ರಾಜ್ಯಗಳ ಕಥೆಯನ್ನು ಸ್ವಲ್ಪ ಹೇಳಬೇಕು. ೧೭೬೩ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದಾಗ ಇಕ್ಕೇರಿಯ ನಾಯಕರ ವಶದಲ್ಲಿದ್ದ ಕರಾವಳಿಯೂ ಅವನ ಕೈಸೇರಿತು. ಮೈಸೂರಿಗೆ ಮಂಗಳೂರು ಕಡಲಬಾಗಿಲಾಯಿತು. ಘಟ್ಟದ ದಾರಿಗಳು ರಾಜ್ಯದ ಜೀವನಾಡಿಗಳಾದವು. ಈ ದಾರಿಗಳಲ್ಲೊಂದರ ನೆತ್ತಿಯಲ್ಲಿ, ಸಕಲೇಶಪುರದ ಬಳಿ, ಟಿಪ್ಪು ಸುಲ್ತಾನನು ೧೭೯೨ರ ಸುಮಾರಿಗೆ ಕಟ್ಟಿಸಿದ ಮಂಜರಾಬಾದಿನ ಕೋಟೆ ಎಂಟು ಮೂಲೆಯ ನಕ್ಷತ್ರದಂತಿದೆ. ಫ್ರೆಂಚ್ ಶಿಲ್ಪಿ ವೋಬಾನನು ರೂಢಿಗೆ ತಂದ ದುರ್ಗವಿಧಾನದ ಛಾಯೆ ಅದರಲ್ಲಿ ಕಾಣುತ್ತದೆ. ಆ ಕೋಟೆಯ ಕೆಳಗಣ ಹಳ್ಳಗಳ ನೀರೇ ಗುಂಡ್ಯ ಹೊಳೆಯಾಗಿ ಇಚಿಲಂಪಾಡಿಗೆ ಬರುವುದು.

೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಕನ್ನಡಜಿಲ್ಲೆ ಕಂಪೆನಿಯ ಪಾಲಾಯಿತು. ಥಾಮಸ್ ಮನ್ರೋ ಅದರ ಮೊದಲ ಕಲೆಕ್ಟರನಾದನು. ೧೮೦೪ರಲ್ಲಿ ಕಂಪೆನಿಯವರು ತಮಗೆ ನೆರವಾಗಿದ್ದ ಕೊಡಗಿನ ದೊಡ್ಡ ವೀರರಾಜೇಂದ್ರನಿಗೆ ಪಂಜ, ಬೆಳ್ಳಾರೆ ಮುಂತಾದ ಕೆಳನಾಡಿನ ಪ್ರದೇಶಗಳನ್ನು ಬಿಟ್ಟುಕೊಟ್ಟರು. ಹೀಗೆ ಘಟ್ಟದ ಬುಡದ ಒಂದು ಭಾಗ ಮೂವತ್ತು ವರ್ಷ ಮಡಿಕೇರಿಯ ಕಡೆಗೆ ಮುಖಮಾಡಿ ಬಾಳಿತು. ೧೮೩೪ರಲ್ಲಿ ಕೊಡಗಿನ ರಾಜ್ಯವೇ ಅಳಿದಾಗ ಆ ಪ್ರದೇಶಗಳನ್ನು ಮತ್ತೆ ಮಂಗಳೂರಿಗೆ ಸೇರಿಸಿದರು. ಭೂಪಟದಲ್ಲಿ ಇದು ಒಂದು ಗೆರೆಯ ಬದಲಾವಣೆ. ರೈತನ ಮನೆಯಲ್ಲಿ ಅದು ಹಾಗಿರಲಿಲ್ಲ. ಕೊಡಗಿನ ಅರಸನ ಕಾಲದಲ್ಲಿ ಕಂದಾಯವನ್ನು ಧಾನ್ಯದ ರೂಪದಲ್ಲಿ ಸಲ್ಲಿಸಬಹುದಾಗಿತ್ತು. ಕಂಪೆನಿಗೆ ನಗದೇ ಬೇಕು. ಬತ್ತವನ್ನು ಬೆಳೆಯುವವನ ಕೈಯಲ್ಲಿ ಹಣವೆಲ್ಲಿಂದ ಬರಬೇಕು? ಬೆಳೆಯನ್ನು ಪೇಟೆಗೆ ಹೊರಬೇಕು, ವ್ಯಾಪಾರಿ ಹೇಳಿದ ಬೆಲೆಗೆ ಕೊಡಬೇಕು, ಬಂದ ಹಣವನ್ನು ಕಚೇರಿಗೆ ಕಟ್ಟಬೇಕು. ಅಲ್ಲಿಯವರೆಗೆ ಉಪ್ಪಿಗಾಗಿ ಮಾತ್ರ ಬೇಕಾಗಿದ್ದ ಪೇಟೆ ಅಂದಿನಿಂದ ಕಂದಾಯಕ್ಕಾಗಿಯೂ ಬೇಕಾಯಿತು.

ಈ ಬೇಗೆಯೇ ೧೮೩೭ರ ಮಾರ್ಚಿ–ಏಪ್ರಿಲಿನಲ್ಲಿ ದಂಗೆಯಾಗಿ ಎದ್ದಿತು. ಕಲ್ಯಾಣಸ್ವಾಮಿಯ ಹೆಸರಿನಲ್ಲಿ, ಕೆದಂಬಾಡಿ ರಾಮಗೌಡನೇ ಮುಂತಾದವರ ಮುಂದಾಳುತನದಲ್ಲಿ, ಸುಳ್ಯದ ಸೀಮೆಯ ರೈತರು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡರು. ಪುತ್ತೂರು, ಪಾಣೆಮಂಗಳೂರುಗಳ ಮೂಲಕ ನಡೆದು ಮಂಗಳೂರನ್ನೇ ಹಿಡಿದರು. ಭೂಕಂದಾಯವನ್ನು ಮನ್ನಾ ಮಾಡುವುದಾಗಿಯೂ ಉಪ್ಪು ಹೊಗೆಸೊಪ್ಪುಗಳ ಮೇಲಣ ತೆರಿಗೆಯನ್ನು ತೆಗೆಯುವುದಾಗಿಯೂ ಅವರು ಸಾರಿದರು. ಹದಿಮೂರು ದಿನ ಮಂಗಳೂರು ಅವರ ಕೈಯಲ್ಲಿತ್ತು. ಕಣ್ಣೂರಿನ ಕಡೆಯಿಂದ ಸೈನ್ಯ ಬಂದಮೇಲೆ ಎಲ್ಲವೂ ಮುಗಿಯಿತು, ಮುಂದಾಳುಗಳನ್ನು ಗಲ್ಲಿಗೇರಿಸಿದರು. ಇದಕ್ಕೆ ಹಿಂದೆ ಕಲ್ಯಾಣಪ್ಪನ ಕಾಟಕಾಯಿ ಎಂಬ ಹಗುರವಾದ ಹೆಸರಿತ್ತು. ಇಂದು ಅಮರಸುಳ್ಯದ ಸ್ವಾತಂತ್ರ್ಯಸಮರ ಎಂಬ ಗೌರವದ ಹೆಸರಿದೆ. ೧೮೫೭ಕ್ಕೆ ಇಪ್ಪತ್ತು ವರ್ಷ ಮೊದಲೇ ಇದು ನಡೆಯಿತೆಂಬುದನ್ನು ನೆನೆಯಬೇಕು.

ದಂಗೆಯಿಂದ ಸರಕಾರ ಕಲಿತದ್ದು ಏನೆಂದರೆ, ಮಡಿಕೇರಿಗೂ ಮಂಗಳೂರಿಗೂ ನಡುವಣ ದಾರಿಯನ್ನು ಕೈಬಿಡಕೂಡದೆಂಬುದು. ಆ ದಾರಿ ಸಂಪಾಜೆ, ಸುಳ್ಯಗಳ ಮೇಲೆ ಇಳಿದು ಪುತ್ತೂರನ್ನು ಹಾಯುತ್ತದೆ. ಉಪ್ಪಿನಂಗಡಿ ಅದಕ್ಕೆ ಉತ್ತರದಲ್ಲಿ ಓರೆಯಾಗಿ ಉಳಿಯುತ್ತದೆ. ಪುತ್ತೂರಿನಲ್ಲಿ ಕೆಲವು ಕಾಲ ಸೈನ್ಯದ ತುಕಡಿಯನ್ನು ಇಟ್ಟರು. ಕಚೇರಿಗಳೂ ಅಲ್ಲಿಯೇ ನೆಲೆಗೊಂಡವು. ಇದರಿಂದ ಒಂದು ವಿನೋದ ಸಂಭವಿಸಿತು. ಬಹುಕಾಲದವರೆಗೆ ತಾಲ್ಲೂಕಿನ ಹೆಸರು ಉಪ್ಪಿನಂಗಡಿ ಎಂದೇ ಇತ್ತು, ತಾಲ್ಲೂಕಿನ ಕಚೇರಿ ಮಾತ್ರ ಪುತ್ತೂರಿನಲ್ಲಿತ್ತು. ಹೆಸರು ನದಿಯ ಕಾಲದ್ದು, ಕಚೇರಿ ರಸ್ತೆಯ ಕಾಲದ್ದು. ಇಚಿಲಂಪಾಡಿಯ ರೈತ ಕಾಗದದಲ್ಲಿ ಉಪ್ಪಿನಂಗಡಿ ತಾಲ್ಲೂಕಿನವನು. ಆದರೆ ಕಾಗದಕ್ಕೆ ಮೊಹರು ಬೀಳಬೇಕಾದರೆ ಕಡವಿನಲ್ಲಿ ಹೊಳೆ ದಾಟಿ, ತನ್ನ ಹಳೆಯ ಪೇಟೆಯನ್ನೂ ದಾಟಿ, ಇನ್ನೂ ಏಳೆಂಟು ಮೈಲಿ ನಡೆದು ಹೊಸ ಪೇಟೆಗೆ ಹೋಗಬೇಕು. ೧೯೨೩ರ ಮಹಾಪ್ರವಾಹದಲ್ಲಿ ನೇತ್ರಾವತಿ ಉಕ್ಕಿ ದಡದ ಪೇಟೆಗಳನ್ನು ಕೊಚ್ಚಿದಾಗ ನದಿಯನ್ನು ನಂಬುವ ಕಾಲ ಮುಗಿಯಿತೆಂಬುದು ಯಾರಿಗೂ ಬೇರೆ ಹೇಳಬೇಕಾಗಿರಲಿಲ್ಲ. ೧೯೭೪ರಲ್ಲಿ ಮತ್ತೊಂದು ದೊಡ್ಡ ನೆರೆ ಬಂದು ಅದನ್ನು ಜ್ಞಾಪಿಸಿತು.

ಪುತ್ತೂರು ಹೀಗೆ ಪೇಟೆಯಾಯಿತು. ಮಹಾಲಿಂಗೇಶ್ವರನ ಜಾತ್ರೆ, ನ್ಯಾಯಾಲಯ, ಪಾಠಶಾಲೆಗ��ು, ಅಡಿಕೆಯ ಮಂಡಿಗಳು ಇವೆಲ್ಲ ಅದಕ್ಕೆ ಕೂಡಿಬಂದವು. ಶಿವರಾಮ ಕಾರಂತರು ಅಲ್ಲಿ ನೆಲಸಿ ಬಾಲವನವನ್ನು ಕಟ್ಟಿದ ಮೇಲೆ ಆ ಹೆಸರು ಕನ್ನಡನಾಡಿಗೆಲ್ಲ ಪರಿಚಿತವಾಯಿತು. ೧೯೩೩ರ ಅವರ ‘ಚೋಮನ ದುಡಿ’ಯನ್ನು ಓದಿದವರಿಗೆ, ಗೇಣಿಗೂ ನೆಲವಿಲ್ಲದವನ ಪಾಲಿಗೆ ಈ ಹಸುರುನಾಡು ಎಷ್ಟು ಕಠಿನವಾಗಿತ್ತೆಂಬುದನ್ನು ನಾವು ಹೇಳಬೇಕಾಗಿಲ್ಲ. ಜಿಲ್ಲೆಯ ನೆಲದ ಬಹುಭಾಗ ಮೂಲಗೇಣಿ, ಚಾಲಗೇಣಿಗಳಲ್ಲಿ ಸಾಗುತ್ತಿತ್ತು. ೧೯೭೪ರ ಮಾರ್ಚಿಯಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಗೇಣಿದಾರನನ್ನು ಒಡೆಯನನ್ನಾಗಿ ಮಾಡಿತು. ಪೇಟೆಯ ಮಂಡಿಗೆ ಅಂದಿನಿಂದ ಅಡಿಕೆಯನ್ನು ಹೊತ್ತು ಬಂದವನು ಎಷ್ಟೋ ವೇಳೆ ತನ್ನ ಸ್ವಂತ ತೋಟದ ಅಡಿಕೆಯನ್ನೇ ಹೊತ್ತು ಬಂದನು.

ಅಡಿಕೆಯ ವಿಷಯದಲ್ಲಿ ಒಂದು ಮಾತು. ಇಷ್ಟು ಮಳೆ ಬೀಳುವ ಕಡೆ ಎಳೆಯ ಅಡಿಕೆ ಕೊಳೆರೋಗದಿಂದ ಉದುರಿಹೋಗುತ್ತದೆ. ಅದನ್ನು ತಡೆಯಲು ಮಳೆಗಾಲದ ಮೊದಲಲ್ಲೂ ನಡುವೆಯೂ ಕೂಲಿಯವರು ಮರವೇರಿ ಗೊನೆಗೆ ಮದ್ದು ಬಿಡುತ್ತಾರೆ. ಮೈಲುತುತ್ತನ್ನೂ ಸುಣ್ಣವನ್ನೂ ನೀರಿನಲ್ಲಿ ಕಲಸಿದ ಆ ನೀಲಿಯ ಮದ್ದಿಗೆ ಬೋರ್ಡೋ ದ್ರಾವಣವೆಂದು ಹೆಸರು. ಬೋರ್ಡೋ ಫ್ರಾನ್ಸಿನ ದ್ರಾಕ್ಷಿಸೀಮೆಯ ಪಟ್ಟಣ. ಮಿಲಾರ್ಡೆ ಎಂಬ ವಿದ್ವಾಂಸನು ೧೮೮೫ರಲ್ಲಿ ಅದನ್ನು ದ್ರಾಕ್ಷಿಯ ಬೂಷ್ಟಿಗೆ ಔಷಧವೆಂದು ಪ್ರಕಟಿಸಿದನು. ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯಲ್ಲಿದ್ದ ಡಾಕ್ಟರ್ ಲೆಸ್ಲಿ ಕೋಲ್ಮನ್ ಅವರು ೧೯೧೦ರ ಸುಮಾರಿನಲ್ಲಿ ಮಲೆನಾಡಿನ ತೋಟಗಳಲ್ಲಿ ಕೊಳೆರೋಗವನ್ನು ಅಭ್ಯಸಿಸಿ ಅದಕ್ಕೆ ಇದೇ ಮದ್ದನ್ನು ಸ್ಥಿರಪಡಿಸಿದರು. ಫ್ರಾನ್ಸನ್ನು ಕಾಣದ ಇಚಿಲಂಪಾಡಿಯ ಕೃಷಿಕನ ಬಾಯಲ್ಲಿ ಹೀಗೆ ಒಂದು ಫ್ರೆಂಚ್ ಊರಿನ ಹೆಸರು ವರ್ಷವರ್ಷವೂ ಬರುತ್ತದೆ. ಅಡಿಕೆಯ ಧಾರಣೆ ಕುಸಿದ ಕಷ್ಟದಲ್ಲಿ ಬೆಳೆಗಾರರು ೧೯೭೩ರಲ್ಲಿ ಕ್ಯಾಂಪ್ಕೊ ಎಂಬ ಸಹಕಾರಸಂಸ್ಥೆಯನ್ನು ಕಟ್ಟಿಕೊಂಡರು. ೧೯೮೬ರಲ್ಲಿ ಅದರ ಚಾಕೊಲೇಟು ಕಾರ್ಖಾನೆ ಪುತ್ತೂರಿನಲ್ಲಿಯೇ ಆರಂಭವಾಯಿತು. ಅಡಿಕೆಯ ನಡುವೆ ಬೆಳೆದ ಕೊಕ್ಕೋ ಅಲ್ಲಿಗೆ ಹೋಗುತ್ತದೆ.

ಊರು ನಿಂತಲ್ಲಿಯೇ ನಿಂತಿದೆ ಎಂದು ನಾವು ಹೇಳಿದೆವು. ಊರಿನ ಜನ ಮಾತ್ರ ಒಂದೇ ಆಗಿ ಉಳಿದರೆಂದು ಅದರ ಅರ್ಥವಲ್ಲ. ಇಪ್ಪತ್ತನೆಯ ಶತಮಾನದಲ್ಲಿ ತಿರುವಾಂಕೂರಿನ ಕಡೆಯಿಂದ ಸಿರಿಯನ್ ಕ್ರೈಸ್ತರು ಈ ಘಟ್ಟದ ಬುಡಕ್ಕೆ ಬಂದು, ಕಾಡುಗುಡ್ಡಗಳಲ್ಲಿ ಮರಗೆಣಸನ್ನೂ ಕರಿಮೆಣಸನ್ನೂ ತರುವಾಯ ರಬ್ಬರನ್ನೂ ಬೆಳೆದರು. ನೆಲ್ಯಾಡಿ, ಇಚಿಲಂಪಾಡಿ, ಕಡಬ ಈ ಎಲ್ಲ ಕಡೆಯೂ ಅವರ ಇಗರ್ಜಿಗಳನ್ನು ಕಾಣಬಹುದು. ಶ್ರೀಲಂಕೆಯೊಡನೆ ೧೯೬೪ರಲ್ಲಿ ಆದ ಒಪ್ಪಂದದ ಮೇರೆಗೆ ಮರಳಿದ ತಮಿಳು ಕಾರ್ಮಿಕರಿಗೆ ಸುಳ್ಯ ಪುತ್ತೂರುಗಳ ಸುತ್ತ ಸರಕಾರದ ರಬ್ಬರು ನೆಡುತೋಪುಗಳಲ್ಲಿ ಕೆಲಸವನ್ನೂ ಮನೆಯನ್ನೂ ಕೊಟ್ಟರು. ಈಗ ಇಲ್ಲಿ ಬೆಳಗ್ಗೆ ರಬ್ಬರು ಹಾಲು ತೆಗೆಯುವವನು ಒಂದು ಭಾಷೆ, ಅಡಿಕೆ ಸುಲಿಯುವವಳು ಒಂದು ಭಾಷೆ, ಅಂಗಡಿಯವನು ಒಂದು ಭಾಷೆ ಆಡುವುದುಂಟು. ತುಳು, ಕನ್ನಡ, ಮಲೆಯಾಳ, ಅರೆಭಾಷೆ, ಹವ್ಯಕರ ಕನ್ನಡ, ಬ್ಯಾರಿ, ಕೊಂಕಣಿ ಇವೆಲ್ಲ ಒಂದೇ ಬಸ್ಸಿನಲ್ಲಿ ಕಿವಿಗೆ ಬೀಳುತ್ತವೆ. ಶಾಲೆಯಲ್ಲಿಯೂ ಪಂಚಾಯಿತಿಯಲ್ಲಿಯೂ ಇವರನ್ನು ಕೂಡಿಸುವುದು ಕನ್ನಡ. ಹಾದಿಬೀದಿಯಲ್ಲಿ ಕೂಡಿಸುವುದು ತುಳು.

ದಾರಿಯ ಕಥೆಗೆ ಮರಳೋಣ. ೧೯೭೯ರಲ್ಲಿ ಹಾಸನ–ಮಂಗಳೂರು ರೈಲುಮಾರ್ಗ ಪೂರ್ಣವಾಯಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ಘಟ್ಟದ ಭಾಗದಲ್ಲಿ ೫೭ ಸುರಂಗಗಳನ್ನು ಕೊರೆದಿದ್ದಾರೆ. ಹಳಿ ಅಗಲಮಾಡುವ ಕೆಲಸಕ್ಕಾಗಿ ಅದನ್ನು ನಿಲ್ಲಿಸಿದ್ದು ಹತ್ತು ವರ್ಷಕ್ಕೂ ಹೆಚ್ಚು. ೨೦೦೭ರ ಕೊನೆಗೆ ಪ್ರಯಾಣಿಕರ ಬಂಡಿಗಳು ಮತ್ತೆ ಓಡಿದವು. ರೈಲು ಕುಮಾರಧಾರೆಯ ಕಣಿವೆಯನ್ನು ಹಿಡಿದು ಹೋಗುತ್ತದೆ. ಹೆದ್ದಾರಿ ಶಿರಾಡಿ ಘಟ್ಟದಿಂದ ಗುಂಡ್ಯ, ನೆಲ್ಯಾಡಿ, ಉಪ್ಪಿನಂಗಡಿಗಳ ಮೇಲೆ ಸಾಗುತ್ತದೆ. ಬಿಟ್ಟುಹೋಗಿದ್ದ ಉಪ್ಪಿನಂಗಡಿಗೆ ಹೆದ್ದಾರಿಯ ದೆಸೆಯಿಂದ ಮತ್ತೆ ಚೈತನ್ಯ ಬಂದಿದೆ. ಹಿಂದೆ ನೀರಿನ ದಾರಿ ಕೂಡುತ್ತಿದ್ದ ಕಡೆ ಈಗ ಡಾಂಬರಿನ ದಾರಿಗಳು ಕೂಡುತ್ತವೆ. ಇಚಿಲಂಪಾಡಿಯಾದರೋ ಧರ್ಮಸ್ಥಳ ಸುಬ್ರಹ್ಮಣ್ಯಗಳ ನಡುವಣ ಯಾತ್ರೆಯ ರಸ್ತೆಯಲ್ಲಿ ಸಿಕ್ಕಿತು. ಹೊಳೆಗೆ ಸೇತುವೆಯಾದದ್ದು ಯಾತ್ರಿಕರಿಗೆ ಅರ್ಧ ನಿಮಿಷದ ಸಂಗತಿ. ಮಳೆಗಾಲದಲ್ಲಿ ಬಸುರಿ ಹೆಂಗಸನ್ನೋ ಹಾವು ಕಡಿದವನನ್ನೋ ಹೊತ್ತುಕೊಂಡು ಹೊಳೆಯ ಈಚೆ ನಿಂತು ನೀರು ಇಳಿಯುವುದನ್ನು ಕಾಯುತ್ತಿದ್ದ ಕಾಲವನ್ನು ಬಲ್ಲ ಹಿರಿಯರಿಗೆ ಅದು ಇನ್ನೊಂದು ಬಗೆಯ ಸಂಗತಿ.

ಆಡಳಿತವೂ ಕೊನೆಗೆ ಈ ಕಡೆ ತಿರುಗಿತು. ಹಳೆಯ ದೊಡ್ಡ ತಾಲ್ಲೂಕಿನಿಂದ ಬೆಳ್ತಂಗಡಿ, ಸುಳ್ಯ ಇವು ಹಿಂದೆಯೇ ಬೇರೆಯಾಗಿದ್ದವು. ೨೦೧೩ರ ಆಯವ್ಯಯದಲ್ಲಿ ಕಡಬವನ್ನೂ ತಾಲ್ಲೂಕೆಂದು ಘೋಷಿಸಿದರು. ಕೆಲವು ವರ್ಷ ಕಾದ ಮೇಲೆ ಅದು ಕಾರ್ಯರೂಪಕ್ಕೆ ಬಂದಿತು. ಇಚಿಲಂಪಾಡಿಯವರು ಈಗ ಕಡಬ ತಾಲ್ಲೂಕಿನವರು. ಪುತ್ತೂರಿಗೆ ಹೋಗಿ ದಿನವಿಡೀ ಕಾದು ಕತ್ತಲೆಗೆ ಮನೆಗೆ ಮುಟ್ಟುತ್ತಿದ್ದ ಕೆಲಸವನ್ನು ಹತ್ತಿರದಲ್ಲಿಯೇ ಮುಗಿಸಿಕೊಂಡು ಬರಬಹುದಾಗಿದೆ. ಪೇಟೆ ಊರನ್ನು ಅರಸಿಕೊಂಡು ಹತ್ತಿರ ಬಂದದ್ದು ಇದೇ ಮೊದಲ ಸಲ. ಇದನ್ನು ಸಣ್ಣ ಸಂಗತಿಯೆಂದು ತಿಳಿಯಕೂಡದು. ಇನ್ನೂರು ವರ್ಷದ ಕಥೆಯಲ್ಲಿ ಪೇಟೆಯನ್ನು ಎಲ್ಲಿ ಇಡಬೇಕೆಂಬುದನ್ನು ಉಪ್ಪಿನ ವ್ಯಾಪಾರ ನಿರ್ಣಯಿಸಿತು, ಸೈನ್ಯದ ಅನುಕೂಲ ನಿರ್ಣಯಿಸಿತು. ಊರಿನವನ ಅನುಕೂಲವನ್ನು ಗಮನಿಸಿ ನಿರ್ಣಯಿಸಿದ್ದು ಈಚೆಗೆ ಮಾತ್ರ.

ಈಗ ನಾವು ಮೊದಲಲ್ಲಿ ಸೂಚಿಸಿದ ಋಣದ ಮಾತು. ಗುಂಡ್ಯ ಹೊಳೆಯ ನೆತ್ತಿಯಲ್ಲಿರುವ ಎತ್ತಿನಹೊಳೆ ಮುಂತಾದ ಹಳ್ಳಗಳ ಮಳೆಗಾಲದ ನೀರನ್ನು ಒಡ್ಡುಗಟ್ಟಿ, ಯಂತ್ರದಿಂದ ಘಟ್ಟದ ಮೇಲಕ್ಕೆ ಎತ್ತಿ, ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ ಮುಂತಾದ ಬರಡುಸೀಮೆಗಳಿಗೆ ಕುಡಿಯಲು ಒಯ್ಯುವ ಯೋಜನೆಗೆ ೨೦೧೪ರಲ್ಲಿ ಅಡಿಗಲ್ಲನ್ನಿಟ್ಟರು. ೨೦೨೪ರ ಸೆಪ್ಟೆಂಬರಿನಲ್ಲಿ ಅದರ ಮೊದಲ ಹಂತ ಉದ್ಘಾಟನೆಯಾಯಿತು. ವರ್ಷಕ್ಕೆ ೨೪ ಟಿ.ಎಂ.ಸಿ. ನೀರನ್ನು ತೆಗೆಯುವುದೆಂದು ಯೋಜನೆಯ ಲೆಕ್ಕ. ಸಾವಿರ ಅಡಿ ಕೊರೆದರೂ ನೀರು ಕಾಣದ, ಕಂಡರೂ ಫ್ಲೋರೈಡಿನಿಂದ ಕೆಟ್ಟಿರುವ ಕೋಲಾರದ ಹಳ್ಳಿಯವರ ಬಾಯಾರಿಕೆ ಸುಳ್ಳಲ್ಲ. ಮಳೆ ನಿಂತ ಮೇಲೆ ಹೊಳೆ ಬತ್ತಿ, ಕಡಲ ಉಪ್ಪುನೀರು ನದೀಮುಖದಿಂದ ಒಳಕ್ಕೆ ಏರೀತೆಂಬ ಕರಾವಳಿಯವರ ಅಂಜಿಕೆಯೂ, ಘಟ್ಟದ ಕಾಡನ್ನು ಕಡಿದು ಮಣ್ಣನ್ನು ಸಡಿಲಿಸಿದರೆ ಗುಡ್ಡ ಜರಿದೀತೆಂಬ ಅಂಜಿಕೆಯೂ ಸುಳ್ಳಲ್ಲ. ಮಳೆಗಾಲದಲ್ಲಿ ಹರಿದು ಕಡಲಿಗೆ ಸೇರುವ ನೀರು ವ್ಯರ್ಥವೆಂದು ಒಂದು ಪಕ್ಷದವರು ಹೇಳುತ್ತಾರೆ. ಆ ನೀರು ಮೀನಿಗೂ ಮರಳಿಗೂ ಬಾವಿಯ ಒರತೆಗೂ ಬೇಕಾದದ್ದೆಂದು ಮತ್ತೊಂದು ಪಕ್ಷದವರು ಹೇಳುತ್ತಾರೆ. ಒಂದು ಭಾಷಣದಲ್ಲಿ ತೀರ್ಪು ಕೊಡಲು ನಾವು ಹೊರಟಿಲ್ಲ.

ಆದರೆ ಒಂದು ಕೋರಿಕೆಯನ್ನು ಮುಂದಿಡುವ ಅಧಿಕಾರ ನಮಗುಂಟೆಂದು ತಿಳಿದಿದ್ದೇವೆ. ಹಿಂದೆ ಈ ಹೊಳೆಯ ದಾರಿಯಲ್ಲಿ ಉಪ್ಪು ಘಟ್ಟವನ್ನು ಹತ್ತಿತು. ನಮ್ಮ ಅಜ್ಜಂದಿರು ಅದನ್ನು ಉಂಡರು. ಯಾವ ಕಡವಿನಲ್ಲಿ ಅದನ್ನು ಇಳಿಸಿದರು, ಯಾರ ಎತ್ತು ಹೊತ್ತು ತಂದಿತು ಎಂದು ಅವರು ವಿಚಾರಿಸಲಿಲ್ಲ. ಈಗ ಅದೇ ಹೊಳೆಯ ನೀರು ಘಟ್ಟವನ್ನು ಹತ್ತಲು ಹೊರಟಿದೆ. ನಲ್ಲಿಯನ್ನು ತಿರುಗಿಸುವ ಪಟ್ಟಣದವನಿಗೆ ನೀರು ಕೊಳವೆಯಿಂದ ಬಂದಂತೆ ಕಾಣುತ್ತದೆ. ಅದರ ಆಚೆಯ ತುದಿಯಲ್ಲಿ ಇಚಿಲಂಪಾಡಿಯಂಥ ಊರುಗಳಿವೆ, ಅಲ್ಲಿ ಚೈತ್ರ ವೈಶಾಖಗಳಲ್ಲಿ ತೋಟಕ್ಕೆ ನೀರು ಸಾಲದೆ ಜನ ಹೊಳೆಗೆ ಕಟ್ಟ ಕಟ್ಟುತ್ತಾರೆ ಎಂಬುದು ಅವನಿಗೆ ತಿಳಿದಿರಬೇಕು. ಈ ಸಲದ ನಿರ್ಣಯದಲ್ಲಿಯೂ ಊರಿನವನ ಅನುಕೂಲವನ್ನು ಕೇಳಬೇಕು. ಹೊಳೆಯಲ್ಲಿ ಪ್ರತಿ ತಿಂಗಳೂ ಎಷ್ಟು ನೀರು ಹರಿಯಿತು, ಎಷ್ಟನ್ನು ಎತ್ತಿದರು ಎಂಬ ಲೆಕ್ಕ ಕೆಳಗಣ ಊರುಗಳ ಪಂಚಾಯಿತಿಯ ಗೋಡೆಯ ಮೇಲೆ ಎಲ್ಲರೂ ಓದುವಂತೆ ಇರಬೇಕು. ಇಷ್ಟು ಮಾಡುವುದು ಕಷ್ಟವಲ್ಲ.

ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಎಂದು ನಮ್ಮಲ್ಲಿ ಗಾದೆಯುಂಟು. ಉಪ್ಪನ್ನು ದಾಟಿಸಿದ ನಾಡೇ ಈಗ ನೀರನ್ನೂ ಕೊಡುವುದಾದರೆ, ಅದರ ಹೆಸರನ್ನು ತಿಳಿದಿರುವುದಾದರೂ ನಮ್ಮ ಕರ್ತವ್ಯ. ಮುಂದಿನ ಸಲ ಧರ್ಮಸ್ಥಳದಿಂದ ಸುಬ್ರಹ್ಮಣ್ಯಕ್ಕೆ ಹೋಗುವ ಶ್ರೋತೃಗಳು ಆ ಸೇತುವೆಯ ಮೇಲೆ ಒಂದು ಗಳಿಗೆ ನಿಂತು ಕೆಳಗೆ ನೋಡಬೇಕೆಂದು ಕೇಳಿಕೊಳ್ಳುತ್ತೇವೆ. ಕೆಳಗೆ ಹರಿಯುವುದು ಗುಂಡ್ಯ ಹೊಳೆ, ಊರು ಇಚಿಲಂಪಾಡಿ.